ಸ್ಟಾರ್ಟರ್ ಗುರ್ ಅಂದರೆ ಮೊದಲೇ ಕಾಯಿಲ್ ಬದಲಿಸಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮ ತೋಟದ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಎರಡೇ ತಿಂಗಳಲ್ಲಿ ಮೂರು ಕಾಯಿಲ್ ತಿಂದಿತು. ಮೊದಲನೆಯದು ಸುಟ್ಟಾಗ ಹಳೇದಾಗಿತ್ತು ಬಿಡು ಅಂದುಕೊಂಡೆ. ಎರಡನೆಯದು ಸುಟ್ಟಾಗ ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟ ಅಂತ ಬೈದುಕೊಂಡೆ. ಮೂರನೆಯದಕ್ಕೆ ಜಾಸ್ತಿ ದುಡ್ಡು ಕೊಟ್ಟು ಕಂಪನಿ ಮಾಲನ್ನೇ ತಂದು ಹಾಕಿದೆ. ಹತ್ತು ದಿನ ನಡೆಯಿತು. ಹನ್ನೊಂದನೇ ರಾತ್ರಿ ಚಿಕ್ಕಪ್ಪ ತೋಟದಿಂದ ಫೋನ್ ಮಾಡಿದರು. "ಲೋ, ಪೆಟ್ಟಿಗೆ ಮತ್ತೆ ಗುರ್ ಅಂತಿದೆ ಕಣೋ. ಸುಟ್ಟ ವಾಸನೆ ಬೇರೆ."

ನಮ್ಮಲ್ಲಿ ತ್ರೀಫೇಸ್ ಬರುತ್ತಿದ್ದದ್ದು ರಾತ್ರಿ. ಹಾಗಾಗಿ ಹಿಂದಿನ ಸಲವೆಲ್ಲ ಮೊಬೈಲ್ ಟಾರ್ಚ್ ಹಿಡಿದುಕೊಂಡೇ ಕಾಯಿಲ್ ಹಾಕಿದ್ದೆ. ಈ ಸಲ ಬೆಳಗಾಗುವ ತನಕ ಕಾದು, ಬಿಸಿಲಿಗೆ ತಂದು ಬಿಚ್ಚಿದೆ. ಕಾಯಿಲ್ ಕರಕಲಾಗಿತ್ತು, ಅದು ಗೊತ್ತಿದ್ದದ್ದೇ. ಆದರೆ ಕೆಳಗಿನ ಕಬ್ಬಿಣದ ಮುಖದ ಮೇಲೆ ಕಪ್ಪಗೆ ಏನೋ ಅಂಟಿಕೊಂಡಿತ್ತು. ಉಗುರಲ್ಲಿ ಕೆರೆದು ನೋಡಿದರೆ ಇರುವೆ! ನೂರಾರು ಇರುವೆಗಳು ಜಜ್ಜಿಹೋಗಿ, ಧೂಳಿನ ಜೊತೆ ಸೇರಿ, ಲಗ್ನಪತ್ರಿಕೆಯ ರಟ್ಟಿನಷ್ಟು ದಪ್ಪ ಪದರ ಕಟ್ಟಿದ್ದವು. ಮೂರು ಕಾಯಿಲ್‌ಗಳನ್ನು ಸುಟ್ಟದ್ದು ಆ ರಟ್ಟಿನಷ್ಟು ದಪ್ಪದ ಸಂದು.

ಸಂದು ಇದ್ದರೆ ಕಾಯಿಲ್ ಯಾಕೆ ಸುಡುತ್ತದೆ ಅನ್ನುವುದು ಅರ್ಥವಾದರೆ ಸ್ಟಾರ್ಟರ್‌ನ ಅರ್ಧಕ್ಕರ್ಧ ತೊಂದರೆಗಳನ್ನು ಸದ್ದು ಕೇಳಿಯೇ ಹೇಳಬಹುದು. ನಾನಿಲ್ಲಿ ಹೇಳುವುದು ಹಸಿರು-ಕೆಂಪು ಬಟನ್ ಇರುವ ಮಾಮೂಲಿ ಡಿಓಎಲ್ (ಡೈರೆಕ್ಟ್ ಆನ್‌ಲೈನ್, ಅಂದರೆ ಮೋಟರನ್ನು ನೇರ ಲೈನಿಗೆ ಸೇರಿಸುವ) ಸ್ಟಾರ್ಟರ್ ಬಗ್ಗೆ. ಸ್ಟಾರ್-ಡೆಲ್ಟಾ ಪ್ಯಾನಲ್‌ನಲ್ಲಿ ಇಂಥವೇ ಮೂರು ಕಂಟ್ಯಾಕ್ಟರ್, ಅಂದರೆ ಕಾಯಿಲ್‌ನಿಂದ ಎಳೆಸಿಕೊಳ್ಳುವ ಸ್ವಿಚ್, ಇರುತ್ತವೆ.

ಬಿಚ್ಚುವ ಮೊದಲು

ಮೇನ್ ಸ್ವಿಚ್ ಇಳಿಸಿ. ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ಇಡಬೇಡಿ, ಜೇಬಿಗೇ ಹಾಕಿಕೊಳ್ಳಿ. ಇಲ್ಲದಿದ್ದರೆ ಯಾರೋ ಪುಣ್ಯಾತ್ಮ ಬಂದು ಸಿಕ್ಕಿಸಿಬಿಡುತ್ತಾನೆ. ಆಟೋ ಸ್ಟಾರ್ಟರ್ ಅಥವಾ ಮೊಬೈಲ್ ಸ್ಟಾರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಮುಟ್ಟಿಸಿ, ಅದು ಉರಿಯುತ್ತದೋ ನೋಡಿ. ಆಮೇಲೆ ಮೂರು ಫೇಸ್‌ಗಳನ್ನೂ ಒಂದೊಂದಾಗಿ ಮುಟ್ಟಿಸಿ ನೋಡಿ. ಒಂದರಲ್ಲಿ ಇಲ್ಲ ಅಂದ ಮಾತ್ರಕ್ಕೆ ಮೂರರಲ್ಲೂ ಇಲ್ಲ ಅಂತಲ್ಲ. ಸಿಂಗಲ್ ಫೇಸ್ ಬಂದಾಗ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವ ಅಭ್ಯಾಸ ಇರುವ ಕಡೆ ಇನ್ನೂ ಜಾಗ್ರತೆ ಬೇಕು, ಆಫ್ ಮಾಡಿದ ಮೇಲೂ ಕಂಡೆನ್ಸರ್ ಹೊಡೆಯುತ್ತದೆ. ನೀರು ಹಾಯಿಸಿದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪ್ಯಾನಲ್ ಮುಟ್ಟಬೇಡಿ.

ಕರೆಂಟ್ ಇಟ್ಟುಕೊಂಡೇ ಅಳೆಯಬೇಕಾದ ಕೆಲಸ ಕೆಳಗೆ ಎರಡು ಮೂರು ಕಡೆ ಬರುತ್ತದೆ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಡಬ್ಬಿಯೊಳಗಿರುವ ಮ್ಯಾಗ್ನೆಟ್

ಕಂಟ್ಯಾಕ್ಟರ್ ಅಂದರೆ ಒಂದು ಎಲೆಕ್ಟ್ರೋಮ್ಯಾಗ್ನೆಟ್, ಅದರ ತಲೆಯ ಮೇಲೆ ಮೂರು ಸ್ವಿಚ್. ಇಂಗ್ಲಿಷಿನ 'ಇ' ಅಕ್ಷರದ ಆಕಾರದ ಎರಡು ಕಬ್ಬಿಣದ ತುಂಡುಗಳು ಎದುರುಬದುರಾಗಿ ಇರುತ್ತವೆ. ಕೆಳಗಿನದು ಅಲ್ಲಾಡುವುದಿಲ್ಲ. ಅದರ ನಡುಗಾಲಿಗೆ ಕಾಯಿಲ್ ಕೂತಿರುತ್ತದೆ. ಮೇಲಿನದು ಸ್ಪ್ರಿಂಗ್ ಮೇಲೆ ನಿಂತಿರುತ್ತದೆ. ಹಸಿರು ಬಟನ್ ಒತ್ತಿದಾಗ ಕಾಯಿಲ್‌ಗೆ ಕರೆಂಟ್ ಬರುತ್ತದೆ, ಕೆಳಗಿನ ಕಬ್ಬಿಣ ಮ್ಯಾಗ್ನೆಟ್ ಆಗುತ್ತದೆ, ಮೇಲಿನದನ್ನು ಟಕ್ ಅಂತ ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಮೂರು ಫೇಸ್‌ನ ಕಾಂಟ್ಯಾಕ್ಟ್‌ಗಳೂ ಕೂಡಿಕೊಂಡು ಮೋಟರ್ ಓಡುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗ್ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಅದಕ್ಕೇ ಇದಕ್ಕೆ ನೋ-ವೋಲ್ಟ್ ಕಾಯಿಲ್ ಅಂತಲೂ ಹೆಸರಿದೆ.

ಆ ಕಬ್ಬಿಣ ಒಂದೇ ಗಟ್ಟಿ ತುಂಡಲ್ಲ. ಸಿಲಿಕಾನ್ ಬೆರೆಸಿದ ಉಕ್ಕಿನ ತೆಳು ತಗಡುಗಳನ್ನು ಒತ್ತಿ ರಿವೆಟ್ ಹೊಡೆದಿರುತ್ತಾರೆ. ರಿವೈಂಡಿಂಗ್ ಅಂಗಡಿಯಲ್ಲಿ ಇದನ್ನೇ ಸ್ಟಾಂಪಿಂಗ್ ಅನ್ನುತ್ತಾರೆ. ಎಸಿ ಕರೆಂಟಿನ ಮ್ಯಾಗ್ನೆಟ್ ಹೊರಳುತ್ತಲೇ ಇರುವುದರಿಂದ ಗಟ್ಟಿ ಕಬ್ಬಿಣದೊಳಗೂ ಕರೆಂಟ್ ಸುಳಿದಾಡಿ ಅದನ್ನು ಕಾಯಿಸುತ್ತದೆ. ತಗಡು ತಗಡಾಗಿ ಸೀಳಿದರೆ ಆ ಸುಳಿಗೆ ಜಾಗ ಸಿಗುವುದಿಲ್ಲ.

ಕಾಯಿಲ್ ಅಂದರೆ ಎನಾಮಲ್ ಬಳಿದ ತೆಳು ತಾಮ್ರದ ತಂತಿಯ ಸಾವಿರಾರು ಸುತ್ತು. ಎನಾಮಲ್‌ನ ಬೆಲೆ ತಿಳಿಯಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ತನ್ನ ಎಲೆಕ್ಟ್ರೋಮ್ಯಾಗ್ನೆಟ್ ತೋರಿಸಿದಾಗ ವಾರ್ನಿಷ್ ಬಳಿದದ್ದು ಕಬ್ಬಿಣಕ್ಕೆ. ತಂತಿ ಬರಿಮೈಯದು. ಸುತ್ತುಗಳು ಒಂದಕ್ಕೊಂದು ತಾಗುವಂತಿರಲಿಲ್ಲ, ಹಾಗಾಗಿ ಹದಿನೆಂಟು ಸುತ್ತಿನ ಆಸುಪಾಸಿಗೆ ನಿಲ್ಲಿಸಬೇಕಾಯಿತು. ಆದರೂ 200 ಗ್ರಾಂ ಕಬ್ಬಿಣ 4 ಕೆಜಿ ಎತ್ತಿತು. ಕೆಲವು ವರ್ಷಗಳ ನಂತರ ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿದ. ಆಗ ಸುತ್ತಿನ ಮೇಲೆ ಸುತ್ತು, ಪದರದ ಮೇಲೆ ಪದರ ಹಾಕುವುದು ಸಾಧ್ಯವಾಯಿತು. 1831ರ ಹೊತ್ತಿಗೆ ಅವನ ಮ್ಯಾಗ್ನೆಟ್ 900 ಕೆಜಿಗೂ ಜಾಸ್ತಿ ಎತ್ತುತ್ತಿತ್ತು. ಕಾಯಿಲ್ ಸುಟ್ಟಿದೆ ಅಂದಾಗ ಸುಟ್ಟಿರುವುದು ಆ ರೇಷ್ಮೆಯ ಜಾಗದಲ್ಲಿರುವ ಎನಾಮಲ್. ತಾಮ್ರ ಬಹುತೇಕ ಹಾಗೇ ಇರುತ್ತದೆ.

ಮೊಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಸ್ಕೂಲಿನಲ್ಲಿ ಎಲ್ಲರೂ ಮೊಳೆಗೆ ತಂತಿ ಸುತ್ತಿ, ಸೆಲ್‌ಗೆ ಸೇರಿಸಿ, ಗುಂಡುಸೂಜಿ ಎತ್ತಿದವರೇ. ಸುತ್ತು ಜಾಸ್ತಿ ಆದಷ್ಟೂ ಸೂಜಿ ಜಾಸ್ತಿ ಅಂತ ಕಲಿತೆವು. ಸೆಲ್ಲಿನ ಡಿಸಿ ಕರೆಂಟಿಗೆ ಅದು ಸರಿ. ಅಲ್ಲಿ ಕರೆಂಟ್ ಎಷ್ಟು ಹರಿಯಬೇಕು ಅನ್ನುವುದನ್ನು ತಂತಿಯ ಮತ್ತು ಸೆಲ್ಲಿನ ರೆಸಿಸ್ಟೆನ್ಸ್ ತೀರ್ಮಾನಿಸುತ್ತದೆ. ಮೊಳೆಗೆ ಸೂಜಿ ಅಂಟಿದೆಯೋ ಇಲ್ಲವೋ, ಕರೆಂಟ್ ಬದಲಾಗುವುದಿಲ್ಲ.

ಎಸಿ ಕಾಯಿಲ್‌ನ ಕಥೆಯೇ ಬೇರೆ. ಕರೆಂಟನ್ನು ಅಲ್ಲಿ ಮುಖ್ಯವಾಗಿ ತಡೆಯುವುದು ತಂತಿಯ ರೆಸಿಸ್ಟೆನ್ಸ್ ಅಲ್ಲ. ಹೊರಳುತ್ತಿರುವ ಮ್ಯಾಗ್ನೆಟ್ ಆ ಕಾಯಿಲ್‌ನಲ್ಲೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಬರುವ 415 ವೋಲ್ಟನ್ನು ಹೆಚ್ಚುಕಡಿಮೆ ಅದೇ ತಡೆದು ನಿಲ್ಲಿಸುತ್ತದೆ. ಅಷ್ಟು ಎದುರು ವೋಲ್ಟೇಜ್ ಹುಟ್ಟಬೇಕಾದರೆ ಇಂತಿಷ್ಟು ಮ್ಯಾಗ್ನೆಟ್ ಬೇಕೇಬೇಕು. ಎರಡು ಕಬ್ಬಿಣಗಳು ಮುಖಕ್ಕೆ ಮುಖ ಕೂತಿದ್ದರೆ ಅಷ್ಟು ಮ್ಯಾಗ್ನೆಟ್ ಮಾಡಲು ಚೂರು ಕರೆಂಟ್ ಸಾಕು, ಗಾಳಿಗಿಂತ ಕಬ್ಬಿಣದಲ್ಲಿ ಅದು ಸಾವಿರಾರು ಪಟ್ಟು ಸಲೀಸಾಗಿ ಹಾಯುತ್ತದೆ. ನಡುವೆ ಗಾಳಿ ಇದ್ದರೆ ಕಾಯಿಲ್ ಅದಕ್ಕೆ ಬೇಕಾದ ಹೆಚ್ಚಿನ ಕರೆಂಟನ್ನೆಲ್ಲ ಲೈನಿನಿಂದ ಎಳೆದುಕೊಳ್ಳುತ್ತದೆ.

ಬಾಗಿಲು ಹಾಕುವುದನ್ನು ನೆನೆಸಿಕೊಳ್ಳಿ. ಚಿಲಕ ಬೀಳುವ ತನಕ ಬಲವಾಗಿ ತಳ್ಳಬೇಕು. ಬಿದ್ದ ಮೇಲೆ ಕೈ ಬಿಡಬಹುದು. ಚಿಲಕ ಬೀಳಲೇ ಇಲ್ಲ ಅಂದರೆ ರಾತ್ರಿಯಿಡೀ ತಳ್ಳಿಕೊಂಡೇ ನಿಂತಿರಬೇಕಲ್ವಾ? ಕಾಯಿಲ್ ಮಾಡುವುದೂ ಅದನ್ನೇ.

ಈಗ ಅಂಕಿ ನೋಡಿ. ಸಣ್ಣ ಕಂಟ್ಯಾಕ್ಟರ್ ಕಾಯಿಲ್ ಎಳೆಯುವ ಗಳಿಗೆಯಲ್ಲಿ ಸುಮಾರು 70 ವೋಲ್ಟ್-ಆಂಪಿಯರ್ ತಿನ್ನುತ್ತದೆ. ಕೂತ ಮೇಲೆ 7 ಅಥವಾ 8. ಅಂದರೆ ಕರೆಂಟ್ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎಳೆಯುವಾಗಿನ ಬಿಸಿ ಕೂತಾಗಿನದರ ನೂರು ಪಟ್ಟು. ಅರೆಗಳಿಗೆಗೆ ಅದು ಲೆಕ್ಕಕ್ಕಿಲ್ಲ. ಆದರೆ ಮೇಲಿನ ಕಬ್ಬಿಣ ಪೂರ್ತಿ ಕೂರದೆ ಅಡ್ಡಡ್ಡ ನಿಂತರೆ ಆ ಬಿಸಿಯ ದೊಡ್ಡ ಪಾಲು ಗಂಟೆಗಟ್ಟಲೆ ಇರುತ್ತದೆ. ಒಂದು ಮಿಲಿಮೀಟರ್ ಗಾಳಿಯಲ್ಲಿ 1 ಟೆಸ್ಲಾ ಮ್ಯಾಗ್ನೆಟ್ ನಿಲ್ಲಿಸಲು ಸುಮಾರು 800 ಆಂಪಿಯರ್-ಸುತ್ತು (ಕರೆಂಟ್ ಗುಣಿಸು ಸುತ್ತು) ಬೇಕು. ಇರುವೆ ರಟ್ಟು 0.3 ಮಿಲಿಮೀಟರ್ ಅಂದುಕೊಂಡರೂ ಅದೊಂದಕ್ಕೇ 240 ಆಯಿತು. ಅದನ್ನು ಕೊಡಲು ಹೋಗಿ ಎನಾಮಲ್ ಕರಗುತ್ತದೆ.

ಇದರಿಂದ ಇನ್ನೊಂದು ತಲೆಕೆಳಗಾದ ಮಾತು ಬರುತ್ತದೆ. ಎಸಿ ಕಾಯಿಲ್‌ಗೆ ಸುತ್ತು ಕಡಿಮೆ ಮಾಡಿದರೆ ಎಳೆತ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಪ್ರತಿ ಸುತ್ತೂ ಹೆಚ್ಚು ವೋಲ್ಟೇಜ್ ಹೊರಬೇಕಾಗುವುದರಿಂದ ಮ್ಯಾಗ್ನೆಟ್ ಏರುತ್ತದೆ, ಕಬ್ಬಿಣ ತುಂಬಿಹೋಗುತ್ತದೆ, ಕರೆಂಟ್ ಎಗರುತ್ತದೆ. ನಾನು ಒಂದು ಕಾಯಿಲನ್ನು ರಿವೈಂಡಿಂಗ್‌ಗೆ ಕೊಟ್ಟಿದ್ದೆ. ತಂತಿ ಸಾಲದೆ ಒಂದು ಪದರ ಕಮ್ಮಿ ಸುತ್ತಿ, "ಏನೂ ಆಗಲ್ಲ ಸಾರ್" ಅಂತ ಕೊಟ್ಟರು. ಎಳೆತ ಭರ್ಜರಿಯಾಗಿತ್ತು. ಅರ್ಧ ಗಂಟೆಯಲ್ಲಿ ಮುಟ್ಟಲಾಗಲಿಲ್ಲ. ಸುತ್ತಿಸುವುದಾದರೆ ಹಳೆ ಸುತ್ತು ಎಣಿಸಿ, ಅದೇ ಗೇಜ್ ತಂತಿಯಲ್ಲಿ, ಅಷ್ಟೇ ಸುತ್ತಿಸಿ. ಸಣ್ಣ ಸೈಜಿಗಾದರೆ ಹೊಸದೇ ತರುವುದು ವಾಸಿ.

ಗುರ್ ಅನ್ನುವ ಸದ್ದು

ನಮ್ಮ ಲೈನಿನ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ, ಪ್ರತಿ ಸಲವೂ ಎರಡು ಬಾರಿ ಸೊನ್ನೆ ದಾಟುತ್ತದೆ. ಹಾಗಾಗಿ ಮ್ಯಾಗ್ನೆಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಆ ಪ್ರತಿ ಸೊನ್ನೆಯಲ್ಲೂ ಸ್ಪ್ರಿಂಗ್ ಮೇಲಿನ ಕಬ್ಬಿಣವನ್ನು ಎತ್ತಲು ನೋಡುತ್ತದೆ. ಅದನ್ನು ತಡೆಯುವುದಕ್ಕೇ ಕಬ್ಬಿಣದ ಹೊರಗಾಲುಗಳ ಮುಖದಲ್ಲಿ ಒಂದು ಕಚ್ಚು ಕೊರೆದು ತಾಮ್ರದ ಬಳೆ ಕೂರಿಸಿರುತ್ತಾರೆ. ಶೇಡಿಂಗ್ ರಿಂಗ್ ಅಂತ ಹೆಸರು. ಎಷ್ಟೋ ಜನ ಇದನ್ನು ನೋಡಿಯೂ ಇರುವುದಿಲ್ಲ. ಬಳೆಯೊಳಗಿನ ಭಾಗದಲ್ಲಿ ಮ್ಯಾಗ್ನೆಟ್ ಸ್ವಲ್ಪ ತಡವಾಗಿ ಏರಿ ತಡವಾಗಿ ಇಳಿಯುತ್ತದೆ. ಹೊರಗಿನ ಭಾಗ ಸೊನ್ನೆಗೆ ಬಂದಾಗ ಒಳಗಿನದು ಹಿಡಿದುಕೊಂಡಿರುತ್ತದೆ, ಒಳಗಿನದು ಸೊನ್ನೆಗೆ ಬರುವಷ್ಟರಲ್ಲಿ ಹೊರಗಿನದು ಮತ್ತೆ ಎದ್ದಿರುತ್ತದೆ.

ಸಣ್ಣಗೆ ಗುಂಯ್ ಅನ್ನುವುದು ಸಹಜ. ಪೆಟ್ಟಿಗೆ ಬಾಗಿಲು ಅದುರುವಂತೆ ಗುರ್ ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು: ಮುಖಕ್ಕೆ ಕಸ ಕೂತಿದೆ, ಬಳೆ ಒಡೆದಿದೆ, ಇಲ್ಲವೇ ವೋಲ್ಟೇಜ್ ಇಳಿದಿದೆ.

ವೋಲ್ಟೇಜ್‌ನಿಂದ ಶುರು ಮಾಡಿ, ಬಿಚ್ಚುವ ಶ್ರಮ ಉಳಿದರೂ ಉಳಿಯಬಹುದು. ಗುರ್ ಅನ್ನುತ್ತಿರುವಾಗಲೇ ಕಾಯಿಲ್‌ನ ಎ1, ಎ2 ತುದಿಗಳ ನಡುವೆ ಅಳೆಯಬೇಕು. ಪ್ಯಾನಲ್ ಮೇಲಿನ ವೋಲ್ಟ್‌ಮೀಟರ್ ನೋಡಿ ಸುಮ್ಮನಾಗಬೇಡಿ, ಅದು ಲೈನಿನದನ್ನು ತೋರಿಸುತ್ತದೆ. ಕಾಯಿಲ್ ತನಕ ಬರುವಷ್ಟರಲ್ಲಿ ನಾಲ್ಕೈದು ಸ್ಕ್ರೂ ದಾಟಬೇಕು. ಸ್ಟ್ಯಾಂಡರ್ಡ್ ಪ್ರಕಾರ ಕಂಟ್ಯಾಕ್ಟರ್ ತನ್ನ ವೋಲ್ಟೇಜ್‌ನ 85 ರಿಂದ 110 ಪರ್ಸೆಂಟ್ ನಡುವೆ ಸರಿಯಾಗಿ ಎಳೆಯಬೇಕು. 415ರ ಕಾಯಿಲ್‌ಗೆ ಅದು ಸುಮಾರು 353 ರಿಂದ 456 ವೋಲ್ಟ್. ಎಳೆತವೂ ವೋಲ್ಟೇಜ್‌ನ ವರ್ಗದಂತೆ ಇಳಿಯುತ್ತದೆ. 290 ವೋಲ್ಟ್ ಅಂದರೆ 70 ಪರ್ಸೆಂಟ್, ಎಳೆತ ಮಾತ್ರ ಅರ್ಧವೇ.

ವೋಲ್ಟೇಜ್ ಸರಿ ಇದ್ದರೆ ಕರೆಂಟ್ ತೆಗೆದು ಬಿಚ್ಚಿ. ಎರಡೂ ಕಬ್ಬಿಣದ ಮುಖಗಳನ್ನು ಒಣ ಬಟ್ಟೆಯಲ್ಲಿ ಉಜ್ಜಿ. ಜಿಡ್ಡಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಆರಲು ಬಿಡಿ. ತುಕ್ಕಿದ್ದರೆ ತುಂಬಾ ನುಣುಪಾದ ಉಪ್ಪುಕಾಗದದಲ್ಲಿ ಒಂದೆರಡು ಸಲ, ಅಷ್ಟೇ. ಅರ ಹಾಕಿ ಉಜ್ಜಬೇಡಿ. ಎಣ್ಣೆ, ಗ್ರೀಸ್ ಬಳಿಯಬೇಡಿ. ತುಕ್ಕು ಹಿಡಿಯದಿರಲಿ ಅಂತ ಬಳಿಯುವ ಗ್ರೀಸಿಗೇ ಧೂಳು ಅಂಟುತ್ತದೆ, ಮತ್ತೆ ಅದೇ ರಟ್ಟು.

ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು ಕೂದಲೆಳೆಯಷ್ಟು ಇರುತ್ತದೆ, ಬಹಳ ಸಲ ಮೂಲೆಯಲ್ಲೇ. ಸಾವಿರಾರು ಸಲ ಟಕ್ ಟಕ್ ಅಂತ ಬಡಿಸಿಕೊಂಡ ತಾಮ್ರ ತಾನೆ. ಒಂದು ಕಡೆ ಬಿಟ್ಟುಕೊಂಡರೂ ಅದರಲ್ಲಿ ಕರೆಂಟ್ ಸುತ್ತುವುದಿಲ್ಲ, ಬಳೆ ಇದ್ದೂ ಇಲ್ಲದ ಹಾಗೆ. ಬೆಸುಗೆ ಹಾಕಿ ಕೂರಿಸುವವರನ್ನು ನೋಡಿದ್ದೇನೆ. ಬಳೆ ಬಿಸಿಯಾಗುವ ಜಾಗ ಅದು, ಸೀಸದ ಬೆಸುಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಆ ಕೋರ್ (ಬಳೆ ಇರುವ ಕಬ್ಬಿಣದ ತುಂಡು) ಅಥವಾ ಕಂಟ್ಯಾಕ್ಟರನ್ನೇ ಬದಲಿಸಿ.

ಎಲ್ಲ ಚೊಕ್ಕಟ ಕಂಡರೂ ಗುರ್ ಹೋಗದಿದ್ದರೆ ಒಂದು ಉಪಾಯ ಇದೆ. ಕರೆಂಟ್ ತೆಗೆದಿರುವಾಗ ಎರಡು ಮುಖಗಳ ನಡುವೆ ಬಿಳಿ ಕಾಗದ, ಅದರ ಮೇಲೆ ಕಾರ್ಬನ್ ಪೇಪರ್ ಇಟ್ಟು ಗಟ್ಟಿಯಾಗಿ ಒತ್ತಿ. ಹೊರಗಾಲುಗಳ ಮುಖ ಪೂರ್ತಿ ಅಚ್ಚಾಗಬೇಕು. ಒಂದು ಅಂಚು ಮಾತ್ರ ಅಚ್ಚಾದರೆ ಕೋರ್ ಓರೆಯಾಗಿ ಕೂರುತ್ತಿದೆ. ಕಾಯಿಲ್ ಸುತ್ತಿರುವ ಬಾಬಿನ್ ಉಬ್ಬಿರಬಹುದು, ಕೋರ್ ಹಿಡಿದಿರುವ ಪ್ಲಾಸ್ಟಿಕ್ ಸವೆದಿರಬಹುದು, ಜೋಡಿಸುವಾಗ ಕೋರನ್ನು ತಿರುಗಿಸಿ ಹಾಕಿರಬಹುದು. ಕೊನೆಯದು ನಾನೇ ಮಾಡಿದ ತಪ್ಪು. ಓಡಿ ಓಡಿ ಒಂದಕ್ಕೊಂದು ಒಗ್ಗಿದ ಮುಖಗಳು ತಿರುಗಿಸಿ ಹಾಕಿದರೆ ಕೂರುವುದಿಲ್ಲ. ಬಿಚ್ಚುವ ಮೊದಲು ಪೆನ್ನಲ್ಲಿ ಗುರುತು ಮಾಡಿಕೊಳ್ಳಿ.

ಮುಚ್ಚಳ ತೆಗೆದು, ಕರೆಂಟ್ ಇರುವಾಗಲೇ ಕಡ್ಡಿಯಲ್ಲಿ ಕಂಟ್ಯಾಕ್ಟರನ್ನು ಒತ್ತಿ ಹಿಡಿದು ಮೋಟರ್ ಓಡಿಸುವ ಚಾಳಿ ನಮ್ಮ ಕಡೆ ಇದೆ. ಕಾಂಟ್ಯಾಕ್ಟ್ ಅರೆಬರೆ ತಾಗಿದರೆ ಕಿಡಿ ಮುಖಕ್ಕೇ ಬರುತ್ತದೆ. ಅದನ್ನು ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ.

ಟಕಟಕ ಟಕಟಕ

ಇದು ಗುರ್ ಅಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಡಿಓಎಲ್‌ನಲ್ಲಿ ಮೋಟರ್ ಹೊರಡುವಾಗ ಓಡುವ ಕರೆಂಟಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ದೂರ ಇದ್ದರೆ, ತಂತಿ ಸಣ್ಣದಿದ್ದರೆ, ಇಲ್ಲವೇ ಎಲ್ಲಾದರೂ ಜಾಯಿಂಟ್ ಸುಟ್ಟಿದ್ದರೆ ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದಾಗ ಕಾಯಿಲ್ ಬಿಡುತ್ತದೆ. ಬಿಟ್ಟ ತಕ್ಷಣ ಮೋಟರ್ ಇಲ್ಲ, ವೋಲ್ಟೇಜ್ ಮೇಲೇಳುತ್ತದೆ. ಬಟನ್ ಇನ್ನೂ ಒತ್ತಿದ್ದರೆ, ಅಥವಾ ಆಟೋ ಇದ್ದರೆ, ಮತ್ತೆ ಹಿಡಿಯುತ್ತದೆ. ಹಿಡಿದಾಗ ಮತ್ತೆ ಕುಸಿತ. ಪ್ರತಿ ಸುತ್ತಿಗೂ ಕಾಯಿಲ್‌ಗೆ ಎಳೆಯುವ ಕರೆಂಟು, ಕಾಂಟ್ಯಾಕ್ಟ್‌ಗೆ ಆರು ಪಟ್ಟಿನ ಕಿಡಿ. ಎರಡು ನಿಮಿಷ ಹೀಗೆ ಬಿಟ್ಟರೆ ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳುತ್ತವೆ. ತಕ್ಷಣ ಮೇನ್ ಇಳಿಸಿ.

ಊರಿನ ಎಲ್ಲ ಪಂಪುಗಳೂ ತ್ರೀಫೇಸ್ ಬಂದ ನಿಮಿಷದಲ್ಲೇ ಹೊರಡುತ್ತವೆ. ಆ ಹೊತ್ತಿಗೆ ಮಾತ್ರ ಟಕಟಕ ಇದ್ದು ಐದು ನಿಮಿಷ ಬಿಟ್ಟು ಸರಿಹೋದರೆ ದೋಷ ನಿಮ್ಮ ಪೆಟ್ಟಿಗೆಯದಲ್ಲ. ಆಟೋ ಸ್ಟಾರ್ಟರ್‌ನ ಟೈಮರನ್ನು ಅಕ್ಕಪಕ್ಕದವರು ಬೇರೆ ಬೇರೆ ನಿಮಿಷಕ್ಕೆ ಇಟ್ಟುಕೊಂಡರೆ ಸಾಕು. ಯಾವ ಹೊತ್ತಲ್ಲಾದರೂ ಟಕಟಕ ಅಂದರೆ ಕರೆಂಟ್ ತೆಗೆದು ಫ್ಯೂಸ್‌ನಿಂದ ಮೋಟರ್ ತನಕ ತಂತಿ ತುದಿಯ ಪ್ರತಿ ಲಗ್ ನೋಡಿ. ಅಲ್ಯೂಮಿನಿಯಂ ತಂತಿಯ ತುದಿ ಸ್ಕ್ರೂ ಕೆಳಗೆ ಸಡಿಲವಾಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದ ಪ್ಲಾಸ್ಟಿಕ್ ಕಂದಾಗಿದ್ದರೆ ಅದೇ ಜಾಗ.

ಮೋಟರ್ ಹೊರಡುವ ಮೊದಲೇ ಟಕಟಕ ಅಂದರೆ ಕಾಯಿಲ್‌ಗೆ ಕರೆಂಟ್ ಕೊಡುವ ಕಂಟ್ರೋಲ್ ತಂತಿಯಲ್ಲಿ ಎಲ್ಲೋ ತಾಗಿಯೂ ತಾಗದ ಹಾಗಿದೆ. ಸ್ಟಾಪ್ ಬಟನ್, ಮೋಟರ್ ಜಾಸ್ತಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇಯ 95-96 ಕಾಂಟ್ಯಾಕ್ಟ್, ನೀರು ಬತ್ತಿದರೆ ನಿಲ್ಲಿಸುವ ವಾಟರ್ ಗಾರ್ಡ್, ಈ ಮೂರನ್ನು ಮೊದಲು ನೋಡಿ.

ಏನೂ ಸದ್ದಿಲ್ಲ

ಇದು ಹುಡುಕಲು ಎಲ್ಲಕ್ಕಿಂತ ಸುಲಭ. ಹಸಿರು ಬಟನ್ ಒತ್ತಿ ಹಿಡಿದಾಗ ಎ1-ಎ2 ನಡುವೆ ಪೂರ್ತಿ ವೋಲ್ಟೇಜ್ ಇದ್ದೂ ಎಳೆಯದಿದ್ದರೆ ಕಾಯಿಲ್ ಕಡಿದಿದೆ ಅಥವಾ ಕಬ್ಬಿಣ ಸಿಕ್ಕಿಕೊಂಡಿದೆ. ವೋಲ್ಟೇಜೇ ಇಲ್ಲದಿದ್ದರೆ ಕಾಯಿಲ್ ತಂಟೆಗೆ ಹೋಗಬೇಡಿ. ಫ್ಯೂಸ್, ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವುದು), ಟ್ರಿಪ್ ಆದ ಓವರ್‌ಲೋಡ್, ಬಟನ್ ಹೀಗೆ ದಾರಿ ಹಿಡಿದು ಬನ್ನಿ. ಓವರ್‌ಲೋಡ್ ರಿಸೆಟ್ ಮಾಡಿ ಹೊರಟಿತು ಅಂತ ಖುಷಿಪಡಬೇಡಿ. ಅದು ಸುಮ್ನೆ ಟ್ರಿಪ್ ಆಗಿರುವುದಿಲ್ಲ, ಕ್ಲಾಂಪ್ ಮೀಟರ್ ಹಾಕಿ ಮೂರೂ ಫೇಸ್ ಅಳೆಯಿರಿ.

ಕಾಯಿಲ್ ಅಳೆಯುವುದು ಹೀಗೆ. ಕರೆಂಟ್ ತೆಗೆದು, ಎ1ರ ತಂತಿ ಬಿಚ್ಚಿ, ಮೀಟರನ್ನು ಓಮ್‌ಗೆ ಇಡಿ. ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ರೀಡಿಂಗ್ ಬಂದರೆ ಹೊಸ ಕಾಯಿಲ್‌ನ ರೀಡಿಂಗ್ ಜೊತೆ ಹೋಲಿಸಬೇಕು. ಒಂದೇ ಸೈಜಿನಲ್ಲಿ 415 ವೋಲ್ಟ್‌ನ ಕಾಯಿಲ್ 240 ವೋಲ್ಟ್‌ನದಕ್ಕಿಂತ ಸುಮಾರು ಮೂರು ಪಟ್ಟು ಓಮ್ ತೋರಿಸುತ್ತದೆ. ಲೇಬಲ್ ಅಳಿಸಿಹೋದ ಕಾಯಿಲನ್ನು ಗುರುತು ಹಿಡಿಯಲು ಇದು ಅನುಕೂಲ. ಅಂಗಡಿಯಲ್ಲಿ ಆತುರಕ್ಕೆ 240ರದನ್ನು ಕೊಟ್ಟು, ಅದನ್ನು ಎರಡು ಫೇಸ್ ನಡುವೆ ಹಾಕಿದರೆ ನಿಮಿಷಗಳಲ್ಲಿ ಹೊಗೆ ಬರುತ್ತದೆ.

ರೀಡಿಂಗ್ ಸರಿ ಇದ್ದೂ ಕಾಯಿಲ್ ಕೆಟ್ಟಿರಬಹುದು. ಎನಾಮಲ್ ಕರಗಿ ಐದಾರು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದರೆ ಸಾವಿರಾರು ಸುತ್ತಿನ ಓಮ್‌ನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಎಸಿ ಬಂದಾಗ ಆ ಐದಾರು ಸುತ್ತು ಶೇಡಿಂಗ್ ರಿಂಗಿನ ಹಾಗೇ ಒಂದು ಮುಚ್ಚಿದ ಬಳೆ ಆಗಿಬಿಡುತ್ತದೆ. ಬೇಕು ಅಂತ ಹಾಕಿದ ಬಳೆ ದಪ್ಪ ತಾಮ್ರದ್ದು. ಇದು ಕೂದಲಿನಂಥ ತಂತಿಯದು, ಕಾದು ಕೆಂಡವಾಗಿ ಪಕ್ಕದ ಸುತ್ತುಗಳನ್ನೂ ಸುಡುತ್ತದೆ. ಇದನ್ನು ಹಿಡಿಯಲು ಮೂಗೇ ಸರಿಯಾದ ಮೀಟರ್. ವಾರ್ನಿಷ್ ಕಮಟು ಬರುತ್ತಿದ್ದರೆ, ಮೇಲಿನ ಟೇಪ್ ಕಂದು ತಿರುಗಿದ್ದರೆ, ಓಮ್ ಏನೇ ಹೇಳಲಿ, ಎಸೆಯಿರಿ.

ಬಟನ್ ಬಿಟ್ಟರೆ ನಿಲ್ಲುತ್ತದೆ, ಇಲ್ಲವೇ ನಿಲ್ಲುವುದೇ ಇಲ್ಲ

ಹಸಿರು ಒತ್ತಿರುವ ತನಕ ಓಡಿ, ಬಿಟ್ಟ ತಕ್ಷಣ ನಿಂತರೆ ಮ್ಯಾಗ್ನೆಟ್‌ಗೆ ಏನೂ ಆಗಿಲ್ಲ. 13-14 ಅಂತ ಬರೆದಿರುವ ಪುಟ್ಟ ಹೋಲ್ಡಿಂಗ್ ಕಾಂಟ್ಯಾಕ್ಟ್ ತಾಗುತ್ತಿಲ್ಲ. ಬಟನ್ ಬಿಟ್ಟ ಮೇಲೆ ಕಾಯಿಲ್‌ಗೆ ಕರೆಂಟ್ ಹೋಗುವುದು ಅದರ ಮೂಲಕವೇ. ಧೂಳು ಒರೆಸಿ, ಸ್ಕ್ರೂ ಬಿಗಿ ಮಾಡಿ. ಹಸಿರು ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಓಡಿಸುವ ಮಹಾನುಭಾವರಿದ್ದಾರೆ. ಕರೆಂಟ್ ಹೋಗಿ ಬಂದಾಗ ಮೋಟರ್ ತಾನೇ ಹೊರಡುತ್ತದೆ, ಆ ಹೊತ್ತಲ್ಲಿ ಯಾರ ಕೈ ಎಲ್ಲಿರುತ್ತದೋ.

ಕೆಂಪು ಒತ್ತಿದರೂ ನಿಲ್ಲದಿದ್ದರೆ ಮೇನ್ ಇಳಿಸಿ ಬಿಚ್ಚಿ ನೋಡಿ. ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೆ ಕಬ್ಬಿಣಗಳ ನಡುವೆ ಸಂದು ಬಿಟ್ಟಿರುತ್ತದೆ, ಆದರೆ ಮೇಲಿನದು ಪೂರ್ತಿ ಎದ್ದಿರುವುದಿಲ್ಲ. ಕಬ್ಬಿಣಗಳೇ ಮುಖಕ್ಕೆ ಮುಖ ಅಂಟಿಕೊಂಡಿದ್ದರೆ ಒಂದೋ ಜಿಡ್ಡು, ಇಲ್ಲವೇ ಉಳಿದುಕೊಂಡ ಮ್ಯಾಗ್ನೆಟ್. ಹೊಸ ಕೋರ್ ನೋಡಿದರೆ ನಡುಗಾಲು ಹೊರಗಾಲುಗಳಿಗಿಂತ ಕೂದಲೆಳೆ ಗಿಡ್ಡ ಇರುತ್ತದೆ. ಹೊರಗಾಲುಗಳು ತಾಗಿದಾಗಲೂ ನಡುವೆ ಒಂಚೂರು ಗಾಳಿ ಇರಲಿ, ಕರೆಂಟ್ ಹೋದ ಮೇಲೆ ಮ್ಯಾಗ್ನೆಟ್ ಉಳಿಯದಿರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಹೊರಗಾಲು ಸವೆದು ಆ ಸಂದು ಮುಚ್ಚಿಹೋದರೆ ಮೇಲಿನ ಕಬ್ಬಿಣ ಬಿಡಲು ಒಪ್ಪುವುದಿಲ್ಲ. ಅರ ಹಾಕಬೇಡಿ ಅಂದದ್ದು ಇದಕ್ಕೇ. ಸುಳ್ಳು ಸಂದು ಕಾಯಿಲನ್ನು ಸುಡುತ್ತದೆ, ನಿಜವಾದ ಸಂದು ಇಲ್ಲದಿದ್ದರೆ ಮೋಟರ್ ನಿಲ್ಲುವುದಿಲ್ಲ.

ಮ್ಯಾಗ್ನೆಟ್ ಸರಿ ಇದ್ದೂ ಮೋಟರ್ ಸುಟ್ಟರೆ

ಒಂದು ಮಾತು ಹೇಳಲೇಬೇಕು. ಕಾಯಿಲ್ ಕೂತಿರುವುದು ಎರಡು ಫೇಸ್ ನಡುವೆ. ಮೂರನೆಯದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ನೆಮ್ಮದಿಯಾಗಿ ಹಿಡಿದುಕೊಂಡಿರುತ್ತದೆ. ಕಾಯಿಲ್‌ನ ಫೇಸೇ ಹೋದರೂ, ಓಡುತ್ತಿರುವ ಮೋಟರ್ ಆ ಫೇಸ್‌ನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸಿ ಕಾಯಿಲನ್ನು ಹಿಡಿದಿಟ್ಟಿರಬಹುದು. ಅಷ್ಟರಲ್ಲಿ ಉಳಿದೆರಡು ಫೇಸ್‌ನ ವೈಂಡಿಂಗ್ ಬೆಂದಿರುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರನ್ನು ಬೈಪಾಸ್ ಮಾಡಬೇಡಿ. "ಪದೇ ಪದೇ ಟ್ರಿಪ್ ಆಗ್ತದೆ" ಅಂತ ಕಿತ್ತು ಹಾಕಿದ ಪಕ್ಕದ ತೋಟದವರು ಆ ವರ್ಷವೇ ಮೋಟರ್ ಮೇಲೆತ್ತಿಸಿದರು.

ಸೋಲಾರ್ ಪಂಪ್ ಅಥವಾ ಬ್ಯಾಟರಿ ಪ್ಯಾನಲ್‌ನಲ್ಲಿ ಡಿಸಿ ಕಾಯಿಲ್ ಇದ್ದರೆ ಮೇಲಿನ ಅರ್ಧ ಮಾತು ಅನ್ವಯಿಸುವುದಿಲ್ಲ. ಅದು ಮೊಳೆಯ ಜಾತಿ. ಬಳೆ ಬೇಕಿಲ್ಲ, ಗುರ್ ಅನ್ನುವುದಿಲ್ಲ, ಸಂದಿದ್ದರೂ ಕರೆಂಟ್ ಏರುವುದಿಲ್ಲ, ಎಳೆತ ಮಾತ್ರ ಸಾಲದು.

ಮತ್ತೆ ನಮ್ಮ ಇರುವೆ ವಿಷಯಕ್ಕೆ. ಕೇಬಲ್ ಒಳಬರುವ ತೂತುಗಳಿಗೆ ಎಂ-ಸೀಲ್ ಮೆತ್ತಿದೆ. ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಹೊಸ ಕಾಯಿಲ್‌ನ ಓಮ್, ಹಾಕಿದ ತಾರೀಖು, ಆ ದಿನದ ವೋಲ್ಟೇಜ್ ಮೂರನ್ನೂ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟೆ. ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿ "ಏನೋ, ಸದ್ದೇ ಬರ್ತಿಲ್ಲ, ಓಡ್ತಾ ಇದೆಯೋ ಇಲ್ವೋ ಗೊತ್ತಾಗಲ್ಲ" ಅಂದರು. ನೀರು ಬೀಳ್ತಿದೆಯಾ ನೋಡಿ ಚಿಕ್ಕಪ್ಪ ಅಂದೆ. ಬೀಳುತ್ತಿತ್ತು.